ಪಿಯಾನೋ ಯಾರಿಗೆ ಕಾಯುತ್ತದೆ

ಮಾರ್ಚ್ 3, ಬೆಳಿಗ್ಗೆ

ಬಿಸಿನೀರಿನಲ್ಲಿ ಕೈ ಅದ್ದಿ ಕೂತದ್ದಾಯಿತು. ಎಡಗೈ ಉಂಗುರಬೆರಳು ಇನ್ನೂ ಮೊಂಡು ಹಿಡಿದಿದೆ. ಚಳಿ, ಅಷ್ಟೇ. ಅಕ್ಕ ಬಾಗಿಲು ಬಡಿದಳು — "ಎಷ್ಟೊತ್ತೇ? ನಂಗೂ ಸ್ನಾನ ಆಗ್ಬೇಕು." ಮನೆ ಅವಳದು. ಬಚ್ಚಲೂ ಅವಳದೇ!

ಸಂಜೆ

ರಿಹರ್ಸಲ್‌ಗೆ ಯಂತ್ರ ಬಂತು. ಪಿಯಾನೋ ನುಡಿಸುವುದು ಅದೇ. ಪಿಟೀಲು ನನ್ನದು, ಚೆಲ್ಲೋ ಅಕ್ಕನದು, ವಯೋಲಾ ಮತ್ತು ಎರಡನೇ ಪಿಟೀಲು ಇನ್ನಿಬ್ಬರದು. ಯಾರು ಕೂದಲೆಳೆಯಷ್ಟು ಹಿಂದೆ ಬಿದ್ದರೂ ಕೇಳಿಸಿಕೊಂಡು ತಾನೂ ನಿಧಾನಿಸುತ್ತದೆ. ಯಾರೆಂದು ಹೇಳುವ ಬುದ್ಧಿ ಮಾತ್ರ ಕೊಟ್ಟಿಲ್ಲ. ಮೂರನೇ ಭಾಗದಲ್ಲಿ ನಿಧಾನಿಸಿತು. ತಂಡದ ಮೇಷ್ಟ್ರು ನಿಲ್ಲಿಸಿದರು. "ಇದು ಯಾರಿಗೆ ಕಾಯ್ತಿದೆ?"

ನಾನು ಅಕ್ಕನ ಕಡೆ ನೋಡಿದೆ. ಎಲ್ಲರೂ ನೋಡಲಿ ಎಂದೇ.

ಮಾರ್ಚ್ 6

ಮತ್ತೆ ಅದೇ ಜಾಗ. ವಯೋಲಾದವನು ಹಲ್ಲು ಕಿರಿದ — "ಯಂತ್ರಕ್ಕೂ ಅಕ್ಕ ಅಂದ್ರೆ ಗೌರವ." ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಅಕ್ಕನೂ ನಕ್ಕಳು, ಪೆದ್ದಿ. ಚಿಕ್ಕಂದಿನಿಂದ ಎಲ್ಲರ ಬಾಯಲ್ಲೂ ಅವಳದೇ ಜಪ. ಈಗ ಕೇಳಲಿ.

ಮಾರ್ಚ್ 11

ಮೇಷ್ಟ್ರ ಕಿವಿಯಲ್ಲಿ ಊದಿ ಬಂದೆ. "ಅಕ್ಕನಿಗೆ ವಯಸ್ಸಾಯ್ತು ಸರ್. ಹೇಳೋಕೆ ನಂಗೇ ಸಂಕಟ." ಒಬ್ಬೊಬ್ಬರನ್ನೇ ನುಡಿಸಿ ನೋಡೋಣವೇ ಅಂದರು. "ಎಲ್ಲರೆದುರು ಯಾಕೆ ಸರ್ ಅವಮಾನ?" ಅಂದೆ. ಸಂಕಟವಂತೆ... ಬಸ್ಸಿನಲ್ಲಿ ಸಿಳ್ಳೆ ಹಾಕುತ್ತ ಬಂದೆ.

ಮಾರ್ಚ್ 12

ತೆಗೆದರು. "ನಾಳೆಯಿಂದ ಬರಬೇಡಿ." ಅಕ್ಕ ಚೆಲ್ಲೋ ಪೆಟ್ಟಿಗೆಗೆ ಹಾಕಿದಳು. ಹೋಗುವಾಗ ನನ್ನ ಹತ್ತಿರ ಬಂದು, "ಬೆರಳು ಹೇಗಿದೆಯೇ?" ಅಂದಳು. ಇಂಥ ಹೊತ್ತಲ್ಲೂ ದೊಡ್ಡತನ! ಮೈ ಉರಿಯಿತು.

ಮಾರ್ಚ್ 19

ಹೊಸ ಚೆಲ್ಲೋದವಳು ಚುರುಕು. ಮೂರನೇ ಭಾಗ. ಅದೇ ಜಾಗ. ಯಂತ್ರ ಕಾಯಿತು.

ಯಾರೂ ನಗಲಿಲ್ಲ. ಮೇಷ್ಟ್ರು ಈ ಸಲ ನನ್ನನ್ನು ಕೇಳಲಿಲ್ಲ, ಒಬ್ಬೊಬ್ಬರನ್ನೇ ಯಂತ್ರದ ಜೊತೆ ನುಡಿಸಿದರು. ಹೊಸಬಳಿಗೆ ಕಾಯಲಿಲ್ಲ. ವಯೋಲಾದವನಿಗೆ ಕಾಯಲಿಲ್ಲ. ಎರಡನೇ ಪಿಟೀಲಿಗೂ ಇಲ್ಲ. "ಈಗ ನೀವು." ಬೆರಳು ಬಗ್ಗಲಿಲ್ಲ. ಕಾಯಿತು, ಇನ್ನೂ ಕಾಯಿತು... ಏನು ತಾಳ್ಮೆ ಅದಕ್ಕೆ, ಹಾಳಾದ್ದು. ನನಗೂ ಅದೇ ಮಾತು — ನಾಳೆಯಿಂದ ಬರಬೇಡಿ.

ಮನೆಗೆ ಬಂದರೆ ಅಕ್ಕ ಬಟ್ಟಲಲ್ಲಿ ಬಿಸಿನೀರು ಇಟ್ಟಿದ್ದಳು. ಕೈ ಅದ್ದಿದೆ.

"ಇವತ್ತು ಯಾರಿಗೆ ಕಾಯ್ತೇ?"

ನೀರಿನೊಳಗೇ ಬೆರಳು ಮಡಚಲು ನೋಡಿದೆ.

"ಮೊದಲನೇ ದಿನವೇ ಗೊತ್ತಿತ್ತು ನಂಗೆ. ನೀನೇ ಬಾಯಿಬಿಡ್ತೀಯೇನೋ ಅಂತ ನಾನೂ ಕಾದೆ. ಇನ್ನು ಕಾಯಲ್ಲ. ಗಂಟುಮೂಟೆ ಕಟ್ಟು."

ಎಂಟು ಗಂಟೆ

ಬಟ್ಟೆ ತುಂಬಿದ್ದಾಯಿತು. ಪಿಟೀಲು ಒಂದು ಬಾಕಿ, ಪೆಟ್ಟಿಗೆಯ ಕೊಂಡಿ ಈ ಬೆರಳಿಗೆ ಬಗ್ಗುತ್ತಿಲ್ಲ. ಬಾಗಿಲು ಬಡಿಯುತ್ತಿದ್ದಾಳೆ. "ಎಷ್ಟೊತ್ತೇ?" ಇನ್ನೊಂದು ಸಾಲು ಬರೆದು —