ಅಕ್ಕನ ಅಟ್ಟದ ಕೊಬ್ಬರಿ

ಜೂನ್ 4
ಹಾಲು, ವಾಕಿಂಗ್, ಯೂಟ್ಯೂಬಿನಲ್ಲಿ ಇಪ್ಪತ್ತು ನಿಮಿಷ ಇನ್ವೆಸ್ಟ್‌ಮೆಂಟ್ ಪಾಠ. ಸ್ಟಾಫ್ ರೂಮಿನಲ್ಲಿ ಹೇಳಿದೆ — ರೇಟು ಬಿದ್ದಾಗ ಮಾರುವವನು ದಡ್ಡ, ಕಾದವನೇ ಗೆದ್ದ. ಮೇಷ್ಟರುಗಳೆಲ್ಲ ತಲೆಯಾಡಿಸಿದರು. ಖುಷಿಯಾಯಿತು. ಮನೆಯಲ್ಲಿ ನಯನ ಮಾತ್ರ, "ಅದು ನಿಮ್ಮ ಮಾತೋ, ಯೂಟ್ಯೂಬಿನವನದೋ?" ಎಂದಳು. ಹಿತ್ತಲ ಗಿಡ ಮದ್ದಲ್ಲ. ಹೆಂಡತಿಗಂತೂ ಅಲ್ಲವೇ ಅಲ್ಲ.

ಜೂನ್ 11
ಹೊನ್ನವಳ್ಳಿಯಿಂದ ಗಂಗಕ್ಕ ಬಂದಿದ್ದಳು. ಎಡಗಣ್ಣು ಮಂಜು. ಒಳಗೆ ಪ್ರೆಷರ್ ಏರಿದೆ, ಬೇಗ ಆಪರೇಷನ್ ಆಗಬೇಕು ಎಂದರಂತೆ ತುಮಕೂರಿನ ಡಾಕ್ಟರು. ಅಟ್ಟದಲ್ಲಿ ಹನ್ನೊಂದು ತಿಂಗಳ ಕಾಯಿ ಒಣಗಿ ಕೊಬ್ಬರಿಯಾಗಿದೆ. ಆಪರೇಷನ್ ಖರ್ಚಿಗೆ ಅದನ್ನು ಸುಲಿಸಿ ಇಲ್ಲಿಯ ಮಾರ್ಕೆಟ್ಟಿನಲ್ಲಿ ಹರಾಜಿಗೆ ಹಾಕಲಾ ಎಂದು ಕೇಳಿದಳು. ರೇಟು ಹೋದ ವಾರವಷ್ಟೇ ಬಿದ್ದಿದೆ!
"ಈಗ ಮಾರಿದ್ರೆ ಲಾಸು ಕಣಕ್ಕ. ಹೋಲ್ಡ್ ಮಾಡು."
"ಒಣಗಿದ ಕಾಯಿ ನಮಗೋಸ್ಕರ ಕಾಯಲ್ಲ ಕಣಪ್ಪ ರಂಗ. ಹುಳ ಬೀಳ್ತದೆ."
"ಲಾಂಗ್ ಟರ್ಮ್ ಯೋಚ್ನೆ ಮಾಡಕ್ಕ."
"ನೀನು ಓದ್ದೋನು. ನೀನೇಳ್ದಂಗೇ ಆಗ್ಲಿ ಬುಡು."
ಆಪರೇಷನ್ ದುಡ್ಡು ನಾನೇ ಕೊಡಬಹುದು. ನಯನಳೂ ಅದನ್ನೇ ಹೇಳಿದಳು. ದುಡ್ಡು ಮ್ಯೂಚುವಲ್ ಫಂಡಿನಲ್ಲಿದೆ. ಆದರೆ ಮಧ್ಯದಲ್ಲಿ ಮುರಿಯಬಾರದು — ಮೊದಲ ನಿಯಮವೇ ಅದು.

ಜುಲೈ 2
ರೇಟು ಇನ್ನೂ ಇಳಿಯಿತು. ಅಕ್ಕನಿಗೆ ಫೋನ್. ಪ್ಯಾನಿಕ್ ಆಗಬೇಡ ಎಂದೆ.
"ರೇಟಿಗಲ್ಲ ಕಣಪ್ಪ. ಕಣ್ಣು ಸಿಡೀತದೆ, ತಲೇನೂ."
ಡ್ರಾಪ್ಸ್ ಬಿಟ್ಟುಕೋ ಎಂದೆ.

ಆಗಸ್ಟ್ 19
ಬಹಳ ದಿನ ಬರೆದಿಲ್ಲ. ಏನು ಬರೆಯಲಿ...
ಹೊಸ್ತಿಲು ಕಾಣದೆ ಎಡವಿ ಬಿದ್ದಳು ಅಕ್ಕ. ತುಮಕೂರಿಗೆ ಕರೆದೊಯ್ದೆ. ಎಡಗಣ್ಣು ಪೂರ್ತಿ ಹೋಗಿದೆ. ಇನ್ನು ಬರುವುದಿಲ್ಲ. ಬಲಗಣ್ಣಿಗೂ ಶುರುವಾಗಿದೆ, ಅದನ್ನು ಉಳಿಸಲು ನೋಡೋಣ ಎಂದರು ಡಾಕ್ಟರು. ಜೂನ್‌ನಲ್ಲೇ ಆಗಿದ್ದರೆ ಎರಡೂ ಉಳಿಯುತ್ತಿದ್ದವಂತೆ. ಊರಿಗೆಲ್ಲ ಪಾಠ ಹೇಳುವ ಬಾಯಿ ನನ್ನದು! ಥೂ.
ಆಸ್ಪತ್ರೆ ಮೆಟ್ಟಿಲ ಮೇಲೆ ಕೂತು ಫಂಡು ಮುರಿದೆ. ಫೋನಿನಲ್ಲಿ ಎರಡು ನಿಮಿಷದ ಕೆಲಸ. ಅಷ್ಟೇ ಇತ್ತು.

ಆಗಸ್ಟ್ 21
ಕಾಯಿ ಸುಲಿಸಿದೆವು. ಅರ್ಧಕ್ಕರ್ಧ ಹುಳ ತಿಂದು ಪುಡಿ. ನಯನ ಉಳಿದದ್ದನ್ನು ಆರಿಸಿ ಚೀಲಕ್ಕೆ ತುಂಬುತ್ತಾ ಹೋದಳು. ಬೈದಿದ್ದರೆ ಚೆನ್ನಾಗಿತ್ತು.

ಆಗಸ್ಟ್ 23, ಸಂಜೆ, ಆಸ್ಪತ್ರೆ
ನಾಳೆ ಬಲಗಣ್ಣಿನ ಆಪರೇಷನ್. ಕಾಫಿ ತರುತ್ತಿದ್ದೆ. ಪಕ್ಕದ ಬೆಡ್ಡಿನ ಭೂತಮ್ಮ ಅಕ್ಕನನ್ನು ಕೇಳುತ್ತಿದ್ದರು — "ಯಾಕವ್ವ ಇಷ್ಟು ತಡ ಮಾಡ್ಕೊಂಡೆ? ಹೇಳೋರು ಯಾರೂ ಇರ್ನಿಲ್ವಾ?"
"ನನ್ ತಮ್ಮ ಬಡ್ಕಂಡ ಕಣಮ್ಮ, ಬೇಗ ಮಾಡ್ಸಕ್ಕ, ದುಡ್ಡು ನಾನು ಕೊಡ್ತೀನಿ ಅಂತ. ನಾನೇ ಕೇಳ್ನಿಲ್ಲ. ಅವನು ಬಂಗಾರ."
ಬಾಗಿಲಲ್ಲೇ ನಿಂತಿದ್ದೆ. ಅವಳಿಗೆ ಕಾಣಲಿಲ್ಲ. ಒಳಗೆ ಹೋಗಿ ಹೇಳಬೇಕಿತ್ತು — ಸುಳ್ಳು ಭೂತಮ್ಮ, ತಡ ಮಾಡಿದ್ದು ಅಕ್ಕ ಅಲ್ಲ, ನಾನು...