ಗುರುವಾರದ ನಲವತ್ತೆರಡು ಕಿಲೋಮೀಟರ್

ಸೆಪ್ಟೆಂಬರ್ 30, ಮಂಗಳವಾರ. ಸಂಜೆ 5

ಬೆಳಗ್ಗೆಯಿಂದ ಎರಡು ಸರ್ವಿಸ್, ಒಂದು ಬ್ರೇಕ್. ಆಮೇಲೆ ಗುರುಮಲ್ಲಪ್ಪ ಮೇಷ್ಟ್ರ ಕಾರು. ಜಯಲಕ್ಷ್ಮಿಪುರಂ ಮನೆಯಿಂದ ಕುಕ್ಕರಹಳ್ಳಿ ಕೆರೆಗೆ ವಾಕಿಂಗ್ — ಅಷ್ಟಕ್ಕೇ ಕಾರು! ಇಂಜಿನ್ ಬಿಸಿಯಾಗುವ ಮೊದಲೇ ಆಫ್. ಇಂಜಿನ್ನಿನೊಳಗೆ ವಯರಿನ ಸಣ್ಣ ಕ್ಯಾಮೆರಾ ಇಳಿಸಿ ನೋಡಿದೆ. ನಾಲ್ಕು ಸಿಲಿಂಡರಿನ ವಾಲ್ವ್‌ಗಳೂ ರೊಟ್ಟಿ ಹಂಚಿನ ತಳದ ಹಾಗೆ ಕಪ್ಪು. ಹಳೆಯ ಇಂಜಿನ್ನುಗಳಲ್ಲಿ ಪೆಟ್ರೋಲ್ ವಾಲ್ವಿನ ಮೇಲೆ ಹರಿದು ತೊಳೆಯುತ್ತಿತ್ತು. ಇದರಲ್ಲಿ ನೇರ ಸಿಲಿಂಡರಿಗೇ ಸಿಡಿಯುತ್ತದೆ. ವಾಲ್ವಿಗೆ ಆಯಿಲ್ ಹಬೆಯ ಮಸಿಯೇ ಗತಿ.

"ನಾಳೆ ಕ್ಲೀನ್ ಮಾಡ್ಕೊಡ್ತೀನಿ ಸಾರ್, ಹಿಂಗೇ ಬಿಟ್ರೆ ಓಡ್ತಾ ಇರೋವಾಗ್ಲೇ ಇಂಜಿನ್ ನಿಂತ್ಬುಡ್ಬೋದು. ಆಮೇಲೆ ಮಸಿ ಕಟ್ದಂಗೆ ನೋಡ್ಕೊಳ್ಳಿ. ಟೈಮಿಗೆ ಆಯಿಲ್ ಬದಲಾಯ್ಸಿ, ವಾರಕ್ಕೊಂದ್ಸಲ ರಿಂಗ್ ರೋಡಲ್ಲಿ ಒಂದು ಸುತ್ತು ಓಡ್ಸಿ."

"ಪ್ರತಿ ಗುರುವಾರ ಹೊರಟ್ಬುಡ್ತೀನಿ ಕಣಪ್ಪ" ಎಂದರು.

ಅಕ್ಟೋಬರ್ 1, ಬುಧವಾರ. ಆಯುಧಪೂಜೆ

ಎಡವಟ್ಟಾಯಿತು. ಸ್ಪ್ಯಾನರ್, ಜಾಕ್, ವಾಲ್ವಿನ ಮಸಿ ಉದುರಿಸುವ ಮೆಷಿನ್ — ಎಲ್ಲಕ್ಕೂ ಕುಂಕುಮ ಹಚ್ಚಿ ಮಂಗಳಾರತಿ ಎತ್ತಿದ ಮೇಲೆ ನೆನಪಾಯಿತು, ಮೇಷ್ಟ್ರ ಕಾರು ಹಾಗೇ ಇದೆ. ಪೂಜೆಗಿಟ್ಟ ಆಯುಧ ನಾಳೆವರೆಗೂ ಮುಟ್ಟುವಂತಿಲ್ಲ. ಮಧ್ಯಾಹ್ನ ಬಂದೇಬಿಟ್ಟರು.

"ಆಯ್ತೇನಪ್ಪಾ ಸಿದ್ದೇಶ?"

"ಆಯ್ತು ಸಾರ್. ಫಳಫಳ ಅಂತಿದೆ."

ಬಾಯಿಂದ ಬಂದುಬಿಟ್ಟಿತು. ನಂಬಿ ಕಾರು ಒಯ್ದರು. ಹಬ್ಬ ಮುಗಿಯಲಿ, ಏನೋ ನೆಪ ಹೇಳಿ ಕರೆಸಿ ಮಾಡಿಕೊಟ್ಟರಾಯಿತು.

ಅಕ್ಟೋಬರ್ 3

ಮೇಷ್ಟ್ರು ಹೋಗಿಬಿಟ್ಟರು. ನಿನ್ನೆ ಗುರುವಾರ... ರಿಂಗ್ ರೋಡಲ್ಲಿ, ಬೋಗಾದಿ ಹತ್ತಿರ, ಇಂಜಿನ್ ತಡವರಿಸಿ ನಿಂತಿದೆ. ಹಿಂದಿನಿಂದ ಲಾರಿ.

ನವೆಂಬರ್ 12, ಬುಧವಾರ

ನಲವತ್ತು ದಿನ ಬರೆಯಲಾಗಲಿಲ್ಲ. ಇವತ್ತು ಮೇಷ್ಟ್ರ ಹೆಂಡತಿ ಭಾಗ್ಯಮ್ಮನವರು ಕಾರಿನ ಹಿಂಭಾಗ ಬೇರೆ ಕಡೆ ಸರಿಮಾಡಿಸಿ, ಹೆಬ್ಬಾಳಕ್ಕೆ, ನನ್ನ ಶೆಡ್ಡಿಗೇ ತಂದು ಬಿಟ್ಟರು.

"ಇಂಜಿನ್ ನೀನೇ ನೋಡಪ್ಪ. ನಿನ್ನ ಕೈ ಅಂದ್ರೆ ಅವರಿಗೆ ನಂಬ್ಕೆ."

ಹೇಳಬೇಕಿತ್ತು. ಹೇಳಲಿಲ್ಲ. ಕ್ಯಾಮೆರಾ ಇಳಿಸಿದರೆ ನಾಲ್ಕೂ ಅದೇ ಕಪ್ಪು; ಮುಟ್ಟಲು ಕೈ ಬರುತ್ತಿಲ್ಲ. ಹಬ್ಬಕ್ಕೆ ಇಡುವ ಹಾಗೆ ನಾಲ್ಕು ಚಕ್ರದ ಮುಂದೂ ನಿಂಬೆಹಣ್ಣು ಇಟ್ಟು ಬಂದೆ. ಯಾಕೋ ಭಯ.

ನವೆಂಬರ್ 13, ಗುರುವಾರ. ಬೆಳಗ್ಗೆ 8

ಶೆಡ್ಡಿನ ಬೀಗ ಹಾಕಿದ್ದು ಹಾಕಿದ ಹಾಗೇ ಇದೆ. ನಿಂಬೆಹಣ್ಣು ನಾಲ್ಕೂ ಅಪ್ಪಚ್ಚಿ. ಬಾನೆಟ್ ಬಿಸಿ. ಮೀಟರಿನಲ್ಲಿ ನಲವತ್ತೆರಡು ಕಿಲೋಮೀಟರ್ ಹೆಚ್ಚು — ರಿಂಗ್ ರೋಡ್ ಸರಿಯಾಗಿ ಒಂದು ಸುತ್ತು.

ಒಂದನೇ ಸಿಲಿಂಡರಿನ ವಾಲ್ವ್‌ಗಳು ಹೊಸ ಚಮಚದ ಹಾಗೆ ಹೊಳೆಯುತ್ತಿವೆ. ಓಡಿಸಿದರೆ ಹೊಸ ಮಸಿ ಕಟ್ಟುವುದು ಕಡಿಮೆಯಾಗಬಹುದು. ಕಟ್ಟಿ ಗಟ್ಟಿಯಾದದ್ದು ಹೋಗುವುದಿಲ್ಲ. ಹದಿನಾರು ವರ್ಷದ ಕಸುಬು ನನ್ನದು... ಹೋಗುವುದಿಲ್ಲ.

ನವೆಂಬರ್ 20, ಗುರುವಾರ

ನಿನ್ನೆ ಬ್ಯಾಟರಿ ಬಿಚ್ಚಿ ಮನೆಗೆ ಒಯ್ದಿದ್ದೆ. ಆದರೂ ನಲವತ್ತೆರಡು. ಎರಡನೆಯದೂ ಕ್ಲೀನ್.

ನವೆಂಬರ್ 27, ಗುರುವಾರ

ಮೂರು.

ಡಿಸೆಂಬರ್ 3, ಬುಧವಾರ. ಸಂಜೆ 7

ತಡೆಯಲಾಗಲಿಲ್ಲ. ಜಯಲಕ್ಷ್ಮಿಪುರಂಗೆ ಹೋಗಿ ಭಾಗ್ಯಮ್ಮನವರ ಮುಂದೆ ಕಕ್ಕಿಬಿಟ್ಟೆ.

"ಅವತ್ತು ಕ್ಲೀನೇ ಮಾಡಿರ್ಲಿಲ್ಲಮ್ಮ. ಮಾಡಿದೀನಿ ಅಂತ ಸುಳ್ಳು ಹೇಳ್ಬುಟ್ಟೆ."

ಅಳಲಿಲ್ಲ. ಬೈಯಲೂ ಇಲ್ಲ. ಕಾಫಿ ಲೋಟ ನನ್ನ ಮುಂದಿಟ್ಟರು.

"ಗೊತ್ತು ಕಣಪ್ಪ. ಅವರೇ ಹೇಳಿದ್ರು."

"ಯಾವಾಗಮ್ಮ?"

"ಹೋದ ಗುರುವಾರ. ಬೆಳಕು ಹರಿಯೋ ಹೊತ್ತಿಗೆ ಗೇಟ್ ಮುಂದೆ ಕಾರು ನಿಲ್ಸಿದ್ರು. ಮೂರು ಆಯ್ತು, ನಾಲ್ಕನೇದಕ್ಕೆ ಸಿದ್ದೇಶನ್ನೂ ಕರ್ಕೊಂಡು ಹೋಗ್ತೀನಿ ಅಂದ್ರು."

ಕಾಫಿ ಕುಡಿಯಲಾಗಲಿಲ್ಲ. ಎದ್ದು ಬಂದೆ.

ಡಿಸೆಂಬರ್ 4, ಗುರುವಾರ. ಬೆಳಗ್ಗೆ 5.50

ನಾಲ್ಕನೆಯದನ್ನು ನಾನೇ ಕ್ಲೀನ್ ಮಾಡಿಬಿಟ್ಟರೆ ಮೇಷ್ಟ್ರು ಮತ್ತೆ ಹೊರಡುವ ಅಗತ್ಯವೇ ಇರುವುದಿಲ್ಲ — ಹೀಗೆ ಅಂದುಕೊಂಡು ಬೇಗ ಶೆಡ್ಡಿಗೆ ಬಂದೆ. ಮೆಷಿನ್ ಎಳೆದುಕೊಂಡೆ. ಕೈಯೆಲ್ಲ ಕೆಂಪು. ಎರಡು ತಿಂಗಳಿಂದ ದಿನಾ ಒರೆಸುವ ಮೆಷಿನ್... ಕುಂಕುಮ ಇನ್ನೂ ಹಸಿಯಾಗಿದೆ. ಮುಟ್ಟುವಂತಿಲ್ಲ.

ಈಗ ಇಂಜಿನ್ ಸ್ಟಾರ್ಟ್ ಆಯಿತು. ಒಂದೇ ಒಂದು ತಡವರಿಕೆ, ನಾಲ್ಕನೆಯದರದ್ದು. ಎಡಗಡೆ ಸೀಟು ನನ್ನ ಕಾಲುದ್ದಕ್ಕೆ ಹಿಂದೆ ಸರಿದಿದೆ. ಬಾಗಿಲು ತೆಗೆದಿದೆ.

ತಪ್ಪಾಯಿತು ಮೇಷ್ಟ್ರೇ. ಒಂದು ನಿಮಿಷ ಇರಿ, ಇದೊಂದನ್ನು ಬರೆದು