ತಾಮ್ರದ ತಂಬಿಗೆಯಲ್ಲಿ ಬಸುರಿ ಮೀನು

ಹಂಸಭಾವಿ,
ತಾ. ೧೮-೩-೧೯೩೯

ಪ್ರೀತಿಯ ಮಗಳು ಶಾರವ್ವಗೆ, ಹಡೆದವ್ವನ ಆಶೀರ್ವಾದ.

ಮೈಯಲ್ಲಿ ಹೇಗಿದ್ದೀ? ಐದು ತಿಂಗಳು ತುಂಬಿತಲ್ಲ, ವಾಂತಿ ನಿಂತಿತೋ ಇಲ್ಲವೋ? ಮುಂಬಯಿಯ ನಳದ ನೀರು ಕಾಯಿಸಿ ಕುಡಿ. ಅಳಿಯಂದಿರು ಸೌಖ್ಯವೆಂದು ತಿಳಿಯುತ್ತೇನೆ. ಇಲ್ಲಿ ನಿನ್ನ ಅಪ್ಪನ ಮೊಣಕಾಲು ನೋವು ಇದ್ದಂತೆಯೇ ಇದೆ, ಎಮ್ಮೆ ಈದಿದೆ, ನಾನು ಮಾತ್ರ ಚೆನ್ನಾಗಿಲ್ಲ. ಜ್ವರವಲ್ಲ, ಹೊಟ್ಟೆಕಿಚ್ಚು. ನಿನ್ನ ಮುಂದೆ ಮುಚ್ಚಿಡುವುದೇನು?

ನಿನ್ನ ಚಿಕ್ಕವ್ವ ಸರೋಜವ್ವಗೆ ಮುಂಬಯಿಯಿಂದ ಬಣ್ಣದ ಮೀನು ಕಳಿಸಿದೆ. ನನಗೇನು ಕಳಿಸಿದೆ? ಒಂದು ಕಾರ್ಡು, ಅದರಲ್ಲೂ ಅರ್ಧ ಅಪ್ಪನ ಮೊಣಕಾಲಿನ ವಿಚಾರ. ಮೀನಿನ ಸುದ್ದಿ ನನಗೆ ಗೊತ್ತಾದದ್ದು ಸವಣೂರಿನಿಂದ ನಮ್ಮೂರಿಗೆ ಬರುವ ಮೋಟಾರಿನ ಡ್ರೈವರ ಉಸ್ಮಾನಸಾಬನಿಂದ. ‘ಅಕ್ಕಾರ, ನಿಮ್ಮ ತಂಗ್ಯಾರ ಮನ್ಯಾಗ ಗಾಜಿನ ಪೆಟಿಗ್ಯಾಗ ಮೀನ ಕುಣ್ಯಾಕತ್ತಾವ್ರಿ, ಓಣಿ ಮಂದೆಲ್ಲಾ ನೋಡಾಕ ಬರ್ತೈತಿ’ ಎಂದ. ಏಳನೆಯ ಇಯತ್ತೆಯವರೆಗೆ ಓದಲಿ ಎಂದು ಆರು ವರ್ಷ ನಿನ್ನನ್ನು ಅವಳ ಮನೆಯಲ್ಲಿ ಬಿಟ್ಟವಳು ನಾನೇ. ಮಕ್ಕಳಿಲ್ಲದವಳು, ಅವಳ ಮನೆಯೂ ತುಂಬಿದಂತಿರಲಿ ಎಂದುಕೊಂಡಿದ್ದೆ. ಓದಿಗೆ ಬಿಟ್ಟಿದ್ದೆನೇ ಹೊರತು ಕೊಟ್ಟುಬಿಟ್ಟಿರಲಿಲ್ಲ.

ತಡೆಯಲಾಗದೆ ಹೋದ ಬುಧವಾರ ಸವಣೂರಿಗೆ ಹೋದೆ. ಮೀನೆಂದರೆ ಮೂಗು ಮುಚ್ಚುವ ಲಿಂಗವಂತರ ಮನೆ ನಮ್ಮದು. ಅವಳು ನೋಡಿದರೆ ಲಿಂಗಪೂಜೆ ಮುಗಿಸಿ ಬಂದು ದನದ ಬಾನಿಯ ನೀರಿನಿಂದ ಸೊಳ್ಳೆಹುಳ ಸೋಸಿ ಅವಕ್ಕೆ ಹಾಕುತ್ತಾಳೆ, ಅದೂ ಚಿಟಿಕೆಯಷ್ಟು. ನಾನು ರೊಟ್ಟಿಯ ಚೂರು ಹಾಕಹೋದರೆ ಕೈ ಹಿಡಿದಳು. ‘ಬ್ಯಾಡಕ್ಕ, ಉಳಿದದ್ದು ಕೊಳತು ನೀರು ಕೆಡತೈತಿ. ಉಪಾಸಕ್ಕಿಂತ ಹೆಚ್ಚು ತಿಂದ ಸಾಯತಾವಂತ, ಶಾರೂ ಬರದಾಳ.’ ನೀರನ್ನು ಪೂರಾ ಚೆಲ್ಲಬಾರದಂತೆ, ಮೂರರಲ್ಲೊಂದು ಪಾಲು ತೆಗೆದು ಹಿಂದಿನ ದಿನ ತುಂಬಿಟ್ಟದ್ದನ್ನು ಹಾಕಬೇಕಂತೆ. ನೇರ ಬಿಸಿಲು ಬೀಳಬಾರದಂತೆ. ಎಲ್ಲಕ್ಕೂ ‘ಶಾರೂ ಬರದಾಳ, ಶಾರೂ ಬರದಾಳ.’ ನಾಲ್ಕು ಪುಟದ ಪತ್ರವಂತೆ! ಅದನ್ನು ದೇವರ ಗೂಡಿನಲ್ಲಿ ಇಟ್ಟಿದ್ದಾಳೆ. ಕೊನೆಯ ಪುಟದಲ್ಲಿ, ಹೆರಿಗೆಗೆ ಸವಣೂರಿಗೇ ಬರುತ್ತೇನೆ, ದವಾಖಾನೆ ಹತ್ತಿರ ಎಂದು ಬರೆದಿದ್ದೀ. ಅವಳೇ ಮೆಲ್ಲಗೆ ಓದಿ ಹೇಳಿದಳು. ನನ್ನ ಎದೆಗೆ ಕೊಳ್ಳಿ ಇಟ್ಟ ಹಾಗಾಯಿತು. ಚೊಚ್ಚಲ ಹೆರಿಗೆ ತವರಲ್ಲಿ ಆಗದಿದ್ದರೆ ನಾನು ಈ ಓಣಿಯಲ್ಲಿ ತಲೆ ಎತ್ತಿ ತಿರುಗುವುದು ಹೇಗೆ?

ಒಂದು ಮೀನನ್ನು ಮಾತ್ರ ಪಾಚಿ ಹಾಕಿ ಬೇರೆ ಬರಣಿಯಲ್ಲಿ ಇಟ್ಟಿದ್ದಳು. ಅದು ಬಸುರಿಯಂತೆ. ಈ ಜಾತಿ ತತ್ತಿ ಇಡುವುದಿಲ್ಲ, ಮರಿಯನ್ನೇ ಹಾಕುತ್ತದಂತೆ. ಬೇರೆ ಯಾಕೆ ಇಟ್ಟೆ ಎಂದು ಕೇಳಿದೆ. ‘ಮರಿಗೆ ಅಡಗಾಕ ಪಾಚಿ ಇಲ್ದಿದ್ರ ಹಡದ ತಾಯೇ ತಿಂದ ಬಿಡತೈತಿ, ಅಕ್ಕ’ ಎಂದಳು. ಹಡೆದ ತಾಯಿಯ ಎದುರು ಆಡುವ ಮಾತೇನೇ ಅದು? ಅವಳ ಮನಸ್ಸಿನಲ್ಲಿ ಏನೂ ಇರಲಿಲ್ಲ, ನನಗೆ ಗೊತ್ತು, ಆದರೂ ಹತ್ತಿ ಉರಿಯಿತು. ‘ಆ ಬಸುರೀನ ನನಗ ಕೊಡು, ಬಾಣಂತನ ನನಗೂ ಬರತೈತಿ’ ಎಂದೆ. ಕಣ್ಣಲ್ಲಿ ನೀರು ತಂದುಕೊಂಡು ಕೊಟ್ಟಳು ನೋಡು! ಬರಣಿಯಲ್ಲೇ ಒಯ್ಯಿ ಎಂದಳು. ಅವಳ ಬರಣಿ ನನಗೇಕೆ? ದಾರಿಯ ನೀರಿಗೆಂದು ಒಯ್ದಿದ್ದ ನನ್ನ ಮದುವೆಯ ತಾಮ್ರದ ತಂಬಿಗೆಯನ್ನು ಹುಣಸೆಹಣ್ಣು ಹಾಕಿ ಥಳಥಳ ತಿಕ್ಕಿ ಅದರಲ್ಲಿ ಬಿಟ್ಟೆ. ಕುಡಿಯುವ ನೀರಿಗೆ ನಮ್ಮಲ್ಲಿ ಅದಕ್ಕಿಂತ ಶುದ್ಧ ಪಾತ್ರೆ ಯಾವುದಿದೆ? ಹಾವೇರಿ ದಾಟುವಷ್ಟರಲ್ಲಿ ಮೀನು ಮೇಲೆ ಬಂದು ಬಾಯಿ ಬಿಡತೊಡಗಿತು. ಉಸ್ಮಾನಸಾಬ ಮೋಟಾರು ನಿಲ್ಲಿಸಿ ಇಣುಕಿ, ‘ಅಯ್ಯ ಅಕ್ಕಾರ, ತಾಮ್ರ ಮೀನಕ ವಿಷ ಐತ್ರಿ. ಯಾರನ್ನೂ ಕೇಳಲಿಲ್ಲೇನ್ರಿ?’ ಎಂದು ತನ್ನ ಮಣ್ಣಿನ ಹೂಜಿಗೆ ಬಗ್ಗಿಸಿಕೊಂಡ. ಊರು ಮುಟ್ಟುವುದರೊಳಗೆ ಸತ್ತಿತು, ಹೊಟ್ಟೆಯಲ್ಲಿದ್ದವುಗಳ ಸಮೇತ. ಹಿತ್ತಲಲ್ಲಿ ಮಣ್ಣು ಮಾಡಿ ಒಲೆಯ ಮುಂದೆ ಕುಳಿತು ಅತ್ತುಬಿಟ್ಟೆ.

ಅವನಿಂದಲೇ ಸುದ್ದಿ ತಿಳಿದು ಮರುದಿನವೇ ಸರೋಜವ್ವ ಉಸ್ಮಾನಸಾಬನ ಕೂಡ ಹೇಳಿ ಕಳಿಸಿದಳು: ‘ಅಕ್ಕಗ ಬ್ಯಾಸರ ಮಾಡ್ಕೋಬ್ಯಾಡ ಅನ್ರಿ. ಶಾರೂಗ ನಾ ಬರಿಯೂದಿಲ್ಲ.’ ಬೈದಿದ್ದರೆ ನಾನೂ ನಾಲ್ಕು ಬೈದು ಹಗುರಾಗುತ್ತಿದ್ದೆ. ಅವಳ ಈ ದೊಡ್ಡತನವೇ ನನಗೆ ಆಗಿಬರುವುದಿಲ್ಲ. ಮುಚ್ಚಿಟ್ಟ ಪುಣ್ಯವೂ ಅವಳಿಗೇ ಯಾಕೆ ಹೋಗಬೇಕೆಂದು ನಾನೇ ಎಲ್ಲ ಬರೆದಿದ್ದೇನೆ.

ಭಾರ ಎತ್ತಬೇಡ, ಹೊತ್ತಿಗೆ ಸರಿಯಾಗಿ ಉಣ್ಣು. ಅಳಿಯಂದಿರಿಗೆ ನಮ್ಮಿಬ್ಬರ ಶರಣು ಹೇಳು. ಅಪ್ಪ ನಿನ್ನ ತಲೆಯ ಮೇಲೆ ಕೈ ಇಟ್ಟೇ ಇದ್ದಾರೆಂದು ತಿಳಿ.

ನಿನ್ನ ಅವ್ವ,
ಫಕ್ಕೀರವ್ವ

ತಾ. ಕ.: ಟಪಾಲಿನವ ಕಟ್ಟೆಯ ಮೇಲೆ ಕುಳಿತು ಅವಸರ ಮಾಡುತ್ತಿದ್ದಾನೆ. ಹೆರಿಗೆಗೆ ಸವಣೂರಿಗೇ ಬಾ. ಅವಳು ಕೇಳಿ ತಿಳಿದು ಮಾಡುವವಳು, ನಾನು ಹಠಕ್ಕೆ ಬಿದ್ದು ಮಾಡುವವಳು. ನಾನೂ ಅಲ್ಲಿಗೆ ಬಂದು ಮೂರು ತಿಂಗಳು ಅವಳು ಹೇಳಿದ ಹಾಗೆ ಇರುತ್ತೇನೆ. ಆದರೆ ಕೂಸನ್ನು ಮೊದಲು ನನ್ನ ಉಡಿಗೆ ಹಾಕಬೇಕೆಂದು ಅವಳಿಗೆ ನೀನೇ ಬರೆ. ನಾನು ಕೇಳಿದರೆ ‘ಆಗಲಿ ಅಕ್ಕ’ ಅಂದುಬಿಡುತ್ತಾಳೆ, ಅದನ್ನು ತಾಳಲು ನನ್ನಿಂದಾಗುವುದಿಲ್ಲ.